ಕಾಲುವೆಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ?

ಊರಿನವರೇ ಸೇರಿ ಹಳೆಯ ಕಾಲುವೆಯೊಂದನ್ನು ಸರಿಮಾಡಲು ಹೊರಟರೆ ಎರಡನೇ ವರ್ಷಕ್ಕೆ ಒಂದು ಪ್ರಶ್ನೆ ಬಂದೇ ಬರುತ್ತದೆ. 'ಅಷ್ಟು ವಂತಿಗೆ ಎತ್ತಿದ್ರಲ್ಲ, ಏನಾಯ್ತು?' ಶಿರಸಿ ಪೇಟೆಯಲ್ಲಿ ಸಿಕ್ಕವರು ಕೇಳುತ್ತಾರೆ, ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಬೆಂಗಳೂರಲ್ಲಿರುವ ಊರ ಹುಡುಗರು ಫೋನ್ ಮಾಡಿ ಕೇಳುತ್ತಾರೆ. ಕೇಳಲೇಬೇಕು. ದುಡ್ಡು ಕೊಟ್ಟವರಿಗೆ ಆ ಹಕ್ಕಿದೆ. ಆದರೆ ಉತ್ತರ ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಸಮಿತಿಯವರು ತಡವರಿಸುತ್ತಾರೆ, ಕೇಳಿದವರಿಗೆ ಅನುಮಾನ ಬರುತ್ತದೆ, ಮುಂದಿನ ವರ್ಷದ ವಂತಿಗೆ ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಕೆಲಸಗಳು ನಿಂತುಹೋಗುವುದು ಹೆಚ್ಚಾಗಿ ಇಲ್ಲೇ.

ಹಾಗಾಗಿ ದುಡ್ಡು ಮತ್ತು ಕೆಲಸ ಎರಡೂ ಹೇಗೆ ಸಾಗುತ್ತವೆ ಅಂತ ಬಿಡಿಸಿ ಬರೆಯುತ್ತಿದ್ದೇನೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಕಾಲುವೆ ಕೆಲಸದಲ್ಲಿ ದುಡ್ಡು ಎಷ್ಟು ಬಂತು ಅನ್ನುವುದಕ್ಕಿಂತ ಅದು ಯಾವ ಜಾತಿಯ ದುಡ್ಡು, ಯಾವ ತಿಂಗಳಲ್ಲಿ ಬಂತು ಅನ್ನುವುದು ದೊಡ್ಡದು. ಕೆಲಸ ಎಷ್ಟು ಮೀಟರ್ ಆಯ್ತು ಅನ್ನುವುದಕ್ಕಿಂತ ನೀರು ತುದಿಯವರೆಗೆ ಹೋಯ್ತಾ ಅನ್ನುವುದು ದೊಡ್ಡದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಲುವೆ ಅಂದರೆ ಬಯಲುಸೀಮೆಯ ದೊಡ್ಡ ನೀರಾವರಿ ನಾಲೆಯ ಚಿತ್ರ ಬೇಡ. ಘಟ್ಟದ ಮೇಲೆ, ಶಿರಸಿ ಸಿದ್ದಾಪುರದ ಕಡೆ, ಕೆರೆಗೆ ಗುಡ್ಡದಿಂದ ನೀರು ತರುವ ಕಾಲುವೆ, ಕೆರೆಯ ತೂಬಿನಿಂದ ಗದ್ದೆ ತೋಟಗಳಿಗೆ ಹೋಗುವ ಕಾಲುವೆ, ಕೋಡಿ ಬಿದ್ದ ನೀರನ್ನು ಹಳ್ಳಕ್ಕೆ ಒಯ್ಯುವ ಕಾಲುವೆ. ಘಟ್ಟದ ಕೆಳಗೆ, ಕುಮಟಾ ಅಂಕೋಲಾದ ಕಡೆ, ಗಜನಿ ಭೂಮಿಗೆ (ಅಳಿವೆಯ ಪಕ್ಕದ, ಉಪ್ಪುನೀರು ಬರುವ ತಗ್ಗು ಗದ್ದೆಗಳಿಗೆ) ಹೊಳೆಯ ನೀರು ಒಳಗೆ ಬಿಡುವ, ಹೊರಗೆ ಕಳಿಸುವ ಕಾಲುವೆ. ಮೇಲಿನದಕ್ಕೂ ಕೆಳಗಿನದಕ್ಕೂ ಸಂಬಂಧ ಇಲ್ಲ ಅಂತಲ್ಲ. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟುವ ನೀರೇ ಅಘನಾಶಿನಿಯಾಗಿ ಘಟ್ಟ ಇಳಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಆದರೆ ಎರಡೂ ಕಡೆಯ ಕಾಲುವೆ ಕೆಲಸದ ಸ್ವಭಾವ ಬೇರೆ. ಮೊದಲು ಘಟ್ಟದ ಮೇಲಿನದ್ದು ನೋಡೋಣ.

ಹೂಳಿನ ಲೆಕ್ಕದಿಂದ ಶುರುಮಾಡಬೇಕು. ಇದನ್ನು ಮಾಡದೆ ಹೊರಟ ಸಮಿತಿಗಳೇ ಜಾಸ್ತಿ. ಒಂದು ಕಿಲೋಮೀಟರ್ ಉದ್ದದ ಕಾಲುವೆ, ಮೂರು ಮೀಟರ್ ಅಗಲ, ಒಂದು ಮೀಟರ್ ಹೂಳು ತುಂಬಿದೆ ಅಂತ ಇಟ್ಟುಕೊಳ್ಳಿ. ಸಾವಿರವನ್ನು ಮೂರರಿಂದ ಗುಣಿಸಿದರೆ 3,000 ಘನ ಮೀಟರ್ ಮಣ್ಣು. ನೆಲದಲ್ಲಿ ಒತ್ತಿ ಕೂತ ಮಣ್ಣನ್ನು ಅಗೆದು ಮೇಲೆ ಹಾಕಿದರೆ ಅದು ಸಡಿಲಾಗಿ ಹೆಚ್ಚುಕಡಿಮೆ ಕಾಲುಭಾಗದಷ್ಟು ಉಬ್ಬುತ್ತದೆ. ಅಲ್ಲಿಗೆ 3,750 ಘನ ಮೀಟರ್. ಒಂದು ಟ್ರ್ಯಾಕ್ಟರ್ ಟ್ರಾಲಿಗೆ ಸುಮಾರು ಮೂರು ಘನ ಮೀಟರ್ ಹಿಡಿಯುತ್ತದೆ ಅಂದರೆ 1,250 ಲೋಡು. ದಾರಿ ಚೆನ್ನಾಗಿದ್ದು, ಹಾಕುವ ಜಾಗ ಹತ್ತಿರವೇ ಇದ್ದು, ಒಂದು ಟ್ರ್ಯಾಕ್ಟರ್ ದಿನಕ್ಕೆ ಹತ್ತು ಲೋಡು ಹೊಡೆದರೆ 125 ದಿನ. ನಾಲ್ಕು ಟ್ರ್ಯಾಕ್ಟರ್ ಇದ್ದರೆ ಒಂದು ತಿಂಗಳು.

ಈಗ ಆ ಮಣ್ಣು ಎಲ್ಲಿ ಹಾಕುತ್ತೀರಿ? ಗದ್ದೆಯ ಮೇಲೆ ಅರ್ಧ ಅಡಿ ದಪ್ಪಕ್ಕೆ ಹರಡಿದರೆ ಆರು ಎಕರೆಗಿಂತ ಜಾಸ್ತಿ ಜಾಗ ಬೇಕು. ಒಂದೇ ಒಂದು ಕಿಲೋಮೀಟರ್ ಕಾಲುವೆಗೆ. ಕೆರೆಗೋಡು, ಅಂದರೆ ಕೆರೆ ತಳದ ಹೂಳುಮಣ್ಣು, ಒಳ್ಳೆಯದು, ತೋಟಕ್ಕೆ ಹಾಕಿದರೆ ಅಡಿಕೆ ಮರ ಚೇತರಿಸಿಕೊಳ್ಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ತೋಟಕ್ಕೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ತೋಟದ ಬಾಯಿಯಲ್ಲಿ ರಾಶಿ ಹಾಕಿ ಅಲ್ಲಿಂದ ಹೊತ್ತು ಹಾಕಬೇಕು, ಆಳು ಸಿಗುವುದಿಲ್ಲ. ಕಾಲುವೆಯ ಎಲ್ಲಾ ಹೂಳೂ ಕೆರೆಗೋಡಿನ ಹಾಗೆ ಇರುವುದಿಲ್ಲ, ಗುಡ್ಡದಿಂದ ಕೊಚ್ಚಿಬಂದ ಜಂಬಿಟ್ಟಿಗೆ ಜಲ್ಲಿಯೇ ಅರ್ಧ ಇರುತ್ತದೆ. ಹಾಗಾಗಿ ಹೂಳೆತ್ತುವ ಖರ್ಚಿನಲ್ಲಿ ಅಗೆಯುವುದಕ್ಕಿಂತ ಸಾಗಿಸುವುದೇ ದೊಡ್ಡ ಪಾಲಾಗಿಬಿಡುತ್ತದೆ. ಹಿಟಾಚಿ ತಂದು ಎತ್ತಿ ದಂಡೆಯ ಮೇಲೇ ಗುಡ್ಡೆ ಹಾಕಿ ಹೋದರೆ ಅರ್ಧ ದುಡ್ಡಲ್ಲಿ ಮುಗಿಯುತ್ತದೆ, ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಜೂನ್ ಎರಡನೇ ವಾರದ ಮಳೆಗೆ ಆ ಗುಡ್ಡೆ ಪೂರ್ತಿ ವಾಪಸ್ ಕಾಲುವೆಗೇ ಇಳಿಯುತ್ತದೆ. ಇಂಥ ಕೆಲಸಕ್ಕೆ ಒಂದು ರೂಪಾಯಿ ಕೊಟ್ಟರೂ ದಂಡವೇ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ನಮ್ಮೂರು ನಮ್ಮ ಕೆರೆ' ಕೆಲಸಗಳಲ್ಲಿ ಈ ಗಂಟನ್ನು ಬಿಡಿಸಿದ ರೀತಿ ನನಗೆ ಇಷ್ಟ. ಊರಲ್ಲೇ ಕೆರೆ ಸಮಿತಿ ಕಟ್ಟುವುದು, ಅಗೆಯುವ ಯಂತ್ರದ ಖರ್ಚಿಗೆ ಯೋಜನೆಯ ದುಡ್ಡು, ಮಣ್ಣು ಬೇಕಾದ ರೈತರು ಸಾಗಾಟ ತಾವೇ ನೋಡಿಕೊಳ್ಳುವುದು. ಮಣ್ಣು ಯಾರಿಗೆ ಬೇಕು ಅನ್ನುವ ಪಟ್ಟಿ ಮೊದಲೇ ಆದರೆ ದೊಡ್ಡ ಖರ್ಚೊಂದು ಸಮಿತಿಯ ಹೆಗಲಿನಿಂದ ಇಳಿಯುತ್ತದೆ. ಶಿರಸಿಯಲ್ಲೂ ಜೀವಜಲ ಕಾರ್ಯಪಡೆಯವರು ಕೆರೆಗಳಿಗೆ ಇಳಿದಾಗ ಊರಿನವರು ನೋಡಿದ್ದು ಮುಖ್ಯವಾಗಿ ಇದನ್ನೇ. ಸರ್ಕಾರದ ಕಡತಕ್ಕೆ ಕಾಯದೆ, ಯಂತ್ರಕ್ಕೆ ಡೀಸೆಲ್ ಹಾಕಿ, ಜನರ ದುಡ್ಡಲ್ಲಿ ಹೂಳೆತ್ತಬಹುದು ಅಂತ.

ಶ್ರಮದಾನದ ಬಗ್ಗೆಯೂ ಇದೇ ಲೆಕ್ಕ ಹಾಕಿ ನೋಡಬೇಕು. ಅಭ್ಯಾಸ ಇಲ್ಲದವರು ದಿನಕ್ಕೆ ಒಂದು ಘನ ಮೀಟರ್ ಹೂಳು ಅಗೆದು ದಡಕ್ಕೆ ಹಾಕಿದರೆ ಅದೇ ದೊಡ್ಡದು. ಭಾನುವಾರ ಐವತ್ತು ಜನ ಬಂದರು ಅಂದರೆ ಐವತ್ತು ಘನ ಮೀಟರ್. ನಮ್ಮ 3,000ಕ್ಕೆ ಅರವತ್ತು ಭಾನುವಾರ ಬೇಕು. ಕೆಲಸ ಮಾಡಬಹುದಾದ ಫೆಬ್ರುವರಿಯಿಂದ ಮೇ ಕೊನೆಯವರೆಗೆ ಸಿಗುವುದು ಹದಿನೇಳೋ ಹದಿನೆಂಟೋ. ಹಾಗಂತ ಶ್ರಮದಾನ ಬೇಡ ಅಂತಲ್ಲ, ಅದನ್ನು ಸರಿಯಾದ ಜಾಗದಲ್ಲಿ ಹಾಕಬೇಕು. ಕಾಲುವೆಯ ಮೇಲೆ ಬೆಳೆದ ಮುಳ್ಳು ಕಂಟಿ ಸವರುವುದು, ಯಂತ್ರ ಮುಟ್ಟಿದರೆ ಕುಸಿಯುವ ಹಳೆ ಕಲ್ಲಿನ ಕಟ್ಟಡದ ಹತ್ತಿರ ಕೈಯಲ್ಲೇ ಬಿಡಿಸುವುದು, ತೂಬಿನ ಬಾಯಿ ಬಿಡಿಸುವುದು, ಚಿರೆಕಲ್ಲು ಸಾಲಾಗಿ ಹೊತ್ತು ಕೊಡುವುದು, ಯಂತ್ರ ಎಷ್ಟೊತ್ತಿಗೆ ಬಂತು ಎಷ್ಟೊತ್ತಿಗೆ ಹೋಯ್ತು ಅಂತ ಬರೆದಿಡುವುದು. ಕೊನೆಯದಂತೂ ಬಹಳ ಮುಖ್ಯ. ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ನಿಂತು ಬರೆದುಕೊಳ್ಳುವವರೊಬ್ಬರು ಇದ್ದರೆ ಉಳಿಯುವ ದುಡ್ಡು ಎಷ್ಟೋ ಮನೆಗಳ ವಂತಿಗೆಗೆ ಸಮ. ಹಿಂದೆ ಮುರಿಯಾಳು ಲೆಕ್ಕದಲ್ಲಿ ಒಬ್ಬರ ತೋಟದ ಕೆಲಸಕ್ಕೆ ಇನ್ನೊಬ್ಬರು ಹೋಗುತ್ತಿದ್ದಾಗ ಯಾರು ಎಷ್ಟು ದಿನ ಬಂದರು ಅಂತ ಎಲ್ಲರಿಗೂ ನೆನಪಿರುತ್ತಿತ್ತು, ಈಗ ಅದನ್ನು ಪುಸ್ತಕದಲ್ಲಿ ಬರೆಯಬೇಕು, ಅಷ್ಟೇ ವ್ಯತ್ಯಾಸ.

ಈಗ ದುಡ್ಡಿನ ಜಾತಿಗಳಿಗೆ ಬರೋಣ.

ಊರಿನ ವಂತಿಗೆ ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಸ್ವತಂತ್ರವಾದದ್ದು. ಯಾವಾಗ ಬೇಕಾದರೂ ಯಾವುದಕ್ಕೆ ಬೇಕಾದರೂ ಖರ್ಚು ಮಾಡಬಹುದು. ಸರ್ವೆಗೆ ಕಟ್ಟುವ ಶುಲ್ಕ, ಕಾರವಾರಕ್ಕೆ ಓಡಾಡುವ ಬಸ್ ಚಾರ್ಜು, ಯಂತ್ರ ಕೆಟ್ಟು ನಿಂತಾಗ ಚಾಲಕನ ಊಟ, ಇವಕ್ಕೆಲ್ಲ ಬೇರೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗಾಗಿ ವಂತಿಗೆ ದುಡ್ಡನ್ನು ಮೊದಲ ವಾರವೇ ಹಿಟಾಚಿಗೆ ಸುರಿದು ಮುಗಿಸುವುದು ತಪ್ಪು ಲೆಕ್ಕ. ಬೇರೆ ದುಡ್ಡು ತರಲು ಬೇಕಾಗುವ ದುಡ್ಡು ಅದು.

ಪಂಚಾಯಿತಿ ಮೂಲಕ ಬರುವ ಉದ್ಯೋಗ ಖಾತ್ರಿಯ ಸ್ವಭಾವ ಬೇರೆ. 2005ರ ಕಾಯ್ದೆಯಿಂದ ಬಂದ ಈ ಯೋಜನೆ (2025ರ ಡಿಸೆಂಬರಿನಲ್ಲಿ ಆ ಕಾಯ್ದೆಯ ಬದಲಿಗೆ ಹೊಸದು ಪಾಸಾಗಿದೆ) ಮೂಲತಃ ಕೂಲಿಗಾಗಿ ಇರುವಂಥದ್ದು. 2005ರ ಕಾಯ್ದೆಯ ಲೆಕ್ಕದಲ್ಲಿ ಒಟ್ಟು ಖರ್ಚಿನಲ್ಲಿ ಸಾಮಗ್ರಿಯ ಪಾಲು ಶೇ 40 ದಾಟಬಾರದು, ಗುತ್ತಿಗೆದಾರರು ಇರುವಂತಿಲ್ಲ, ಆಳಿನ ಕೆಲಸ ಕಿತ್ತುಕೊಳ್ಳುವ ಯಂತ್ರ ಬಳಸುವಂತಿಲ್ಲ, ಕೂಲಿ ನೇರವಾಗಿ ಕೆಲಸಗಾರರ ಖಾತೆಗೆ ಹೋಗುತ್ತದೆ. ಸಮಿತಿಯ ಕೈಗೆ ಅದು ಬರುವುದೇ ಇಲ್ಲ. ಕೂಲಿಯವರು ಸಿಗದ ಊರಲ್ಲಿ ಈ ದುಡ್ಡು ಕಾಗದದ ಮೇಲೇ ಉಳಿಯುತ್ತದೆ. ಆಳು ಇರುವ ಕಡೆ ಮಾತ್ರ ಸಣ್ಣ ಕಾಲುವೆಗಳಿಗೆ, ಕಂಟಿ ಸವರುವುದಕ್ಕೆ, ಒಡ್ಡು ಹಾಕುವುದಕ್ಕೆ ಇದರಷ್ಟು ಹೊಂದುವ ದುಡ್ಡು ಇನ್ನೊಂದಿಲ್ಲ.

ಮೂರನೆಯದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡು. ಇದರ ಬಗ್ಗೆ ಊರಲ್ಲಿ ಭಾರಿ ನಿರೀಕ್ಷೆ, ಅಷ್ಟೇ ಗೊಂದಲ. 2013ರ ಕಂಪನಿ ಕಾಯ್ದೆಯ 135ನೇ ಕಲಮು ಹೇಳುವುದು ಇಷ್ಟು: ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕೆರೆ ಕಾಲುವೆ ಕೆಲಸ ಅದರೊಳಗೆ ಬರುತ್ತದೆ. ಆದರೆ ನಿನ್ನೆ ಕಟ್ಟಿದ ಊರ ಸಮಿತಿಗೆ ಕಂಪನಿ ಚೆಕ್ ಬರೆದುಕೊಡುವಂತಿಲ್ಲ. ದುಡ್ಡು ಪಡೆಯುವ ಸಂಸ್ಥೆ ನೋಂದಣಿಯಾಗಿರಬೇಕು, ಆದಾಯ ತೆರಿಗೆಯವರ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ಕೊಟ್ಟವರಿಗೆ ರಿಯಾಯಿತಿ) ನೋಂದಣಿ ಇರಬೇಕು, ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು, 2021ರ ಏಪ್ರಿಲ್‌ನಿಂದೀಚೆಗೆ ಸಿಎಸ್‌ಆರ್-1 ಅನ್ನುವ ಅರ್ಜಿ ತುಂಬಿ ನಂಬರ್ ಪಡೆದಿರಬೇಕು. ಅದಕ್ಕೇ ಊರ ಸಮಿತಿಗಳು ಮೊದಲೇ ಇರುವ ಯಾವುದಾದರೂ ಟ್ರಸ್ಟಿನ ಮೂಲಕ ಹೋಗುವುದು. ಇದರಲ್ಲಿ ತಪ್ಪೇನಿಲ್ಲ. ಆದರೆ ಲೆಕ್ಕ ಎರಡು ಕಡೆ ಇರುತ್ತದೆ, ಊರಿನವರಿಗೆ ಕಾಣುವುದು ಒಂದೇ ಕಡೆಯದ್ದು. ಅನುಮಾನ ಹುಟ್ಟುವುದಕ್ಕೆ ಇಷ್ಟು ಸಾಕು. ಟ್ರಸ್ಟಿನ ಖಾತೆಯಲ್ಲಿ ಕಾಲುವೆಯದ್ದು ಎಷ್ಟು ಅನ್ನುವ ಒಂದು ಹಾಳೆ ಪ್ರತಿ ತಿಂಗಳು ಊರಿಗೆ ಬರಬೇಕು ಅಂತ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

80ಜಿ ಬಗ್ಗೆ ಒಂದು ಮಾತು. ಅದು ಇರುವ ಸಂಸ್ಥೆಗೆ ಕೊಟ್ಟರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧದಷ್ಟಕ್ಕೆ ರಿಯಾಯಿತಿ ಸಿಗುತ್ತದೆ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಊರ ಸಮಿತಿಯ ಸಾದಾ ರಶೀದಿಗೆ ಅದು ಅನ್ವಯಿಸುವುದಿಲ್ಲ. ಕೊಡುವಾಗಲೇ ಹೇಳಿಬಿಟ್ಟರೆ ಮಾರ್ಚಿನಲ್ಲಿ ಜಗಳ ಆಗುವುದಿಲ್ಲ.

ಮಾರ್ಚ್ ಅಂದೆ ಅಲ್ವಾ, ನಿಜವಾದ ತೊಡಕು ಇರುವುದೇ ಅಲ್ಲಿ. ಕಂಪನಿಗೂ ಸರ್ಕಾರಕ್ಕೂ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ನಮ್ಮ ಕಾಲುವೆಗೆ ವರ್ಷ ಮುಗಿಯುವುದು ಮುಂಗಾರು ಬಂದ ದಿನಕ್ಕೆ. ದೀಪಾವಳಿ ಹೊತ್ತಿಗೆ ಮಳೆ ನಿಂತರೂ ಕಾಲುವೆಯಲ್ಲಿ ನೀರು ಇರುತ್ತದೆ, ರಾಡಿ ಇರುತ್ತದೆ, ಯಂತ್ರ ಇಳಿಸಿದರೆ ಹೂತುಹೋಗುತ್ತದೆ. ಡಿಸೆಂಬರ್ ಜನವರಿಯಲ್ಲಿ ಅಡಿಕೆ ಕೊಯ್ಲು, ಊರಲ್ಲಿ ಯಾರಿಗೂ ಬಿಡುವಿಲ್ಲ. ಹಾಗಾಗಿ ಕೆಲಸಕ್ಕೆ ನೆಲ ಒಣಗಿ ಸಿದ್ಧವಾಗುವುದು ಫೆಬ್ರುವರಿಯ ಹೊತ್ತಿಗೆ. ಕಂಪನಿಯವರು ಆ ವರ್ಷದ ದುಡ್ಡನ್ನು ಮಾರ್ಚ್ ಒಳಗೆ ಖರ್ಚು ತೋರಿಸಿ ಅನ್ನುತ್ತಾರೆ. ಹಲವು ವರ್ಷ ನಡೆಯುವ ಕೆಲಸ ಅಂತ ಮೊದಲೇ ದಾಖಲಿಸಿದ್ದರೆ ಉಳಿದ ದುಡ್ಡನ್ನು ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷದೊಳಗೆ ಬಳಸಲು ಕಾನೂನಿನಲ್ಲಿ ಅವಕಾಶ ಇದೆ. ದಾಖಲಿಸಿಲ್ಲ ಅಂದರೆ ಖರ್ಚಾಗದ ದುಡ್ಡು ಸರ್ಕಾರ ಹೇಳಿದ ನಿಧಿಗೆ ಹೋಗುತ್ತದೆ, ಊರಿಗೆ ಸಿಗುವುದಿಲ್ಲ. ಈ ಒಂದು ಸಾಲು ಅರ್ಜಿಯಲ್ಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎರಡು ವರ್ಷದ ಕೆಲಸ ನಿಂತಿರುತ್ತದೆ. ಅರ್ಜಿ ಬರೆಯುವಾಗ 'ಬಹುವಾರ್ಷಿಕ ಕೆಲಸ' ಅಂತ ಬರೆದು, ಯಾವ ವರ್ಷ ಯಾವ ತುಂಡು ಅಂತ ಹೇಳಿಬಿಡಿ.

ಇಷ್ಟಾದರೂ ಯಂತ್ರ ಇಳಿಸುವಂತಿಲ್ಲ. ಕಾಲುವೆ ಯಾರದ್ದು? 40 ಹೆಕ್ಟೇರ್‌ವರೆಗೆ ನೀರುಣಿಸುವ ಕೆರೆಗಳು ಜಿಲ್ಲಾ ಪಂಚಾಯಿತಿಯ ಕಡೆಗೆ, ಅದಕ್ಕಿಂತ ದೊಡ್ಡವು 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಗೆ. 2014ರ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆಯಲ್ಲಿ ಕೆರೆ ಅಂದರೆ ನೀರು ನಿಂತ ಜಾಗ ಮಾತ್ರ ಅಲ್ಲ, ನೀರು ತರುವ ರಾಜಕಾಲುವೆ, ಏರಿ, ತೂಬು, ಕೋಡಿ, ಹೊರಗೆ ಒಯ್ಯುವ ಕಾಲುವೆ ಎಲ್ಲಾ ಸೇರಿಯೇ ಕೆರೆ. ಕಾಲುವೆ ಕೆಲಸ ಮಾಡುವವರ ಕೈಗೆ ಇದು ಒಳ್ಳೆಯ ಬಲ. ಆದರೆ ನಮ್ಮ ಜಿಲ್ಲೆಯಲ್ಲಿ ಶೇ 80ರಷ್ಟು ಅರಣ್ಯ. ಗುಡ್ಡದಿಂದ ನೀರು ತರುವ ಕಾಲುವೆಯ ಮೇಲಿನ ತುಂಡು ಬಹಳ ಕಡೆ ಅರಣ್ಯ ಇಲಾಖೆಯ ಜಾಗದಲ್ಲೋ ತೋಟದವರು ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲೋ ಇರುತ್ತದೆ, ಅಲ್ಲಿ ಯಂತ್ರ ತರಲು ಬೇರೆ ಅನುಮತಿ. ನಡುವಿನ ತುಂಡು ಯಾರದ್ದೋ ಮಾಲ್ಕಿ ಜಮೀನಿನ ಅಂಚಿಗೆ ಬರುತ್ತದೆ. ಮೂವತ್ತು ವರ್ಷ ನೀರೇ ಹರಿಯದ ಕಾಲುವೆಯ ಮೇಲೆ ಅಡಿಕೆ ಸಸಿ ಬಂದಿರುತ್ತದೆ, ಕಾಲುದಾರಿ ಬಂದಿರುತ್ತದೆ. ನೆಟ್ಟವರು ಕೆಟ್ಟವರೇನಲ್ಲ, ಅವರ ಕಾಲಕ್ಕೆ ಅದು ಒಣಗಿದ ತಗ್ಗು. ಸರ್ವೆಯವರನ್ನು ಕರೆಸಿ ಗಡಿ ತೋರಿಸಿಕೊಂಡು, ಅವರ ಮನೆ ಜಗಲಿಯಲ್ಲಿ ಕೂತು ಮಾತಾಡಿ ಒಪ್ಪಿಸುವುದಕ್ಕೆ ಒಂದು ಬೇಸಿಗೆ ಪೂರ್ತಿ ಹೋದರೂ ಆಶ್ಚರ್ಯ ಇಲ್ಲ. ಆ ಬೇಸಿಗೆಯ ಫೋಟೋ ಯಾವುದೂ ಇರುವುದಿಲ್ಲ. ಖರ್ಚೂ ಕಮ್ಮಿ. ದುಡ್ಡು ಖಾತೆಯಲ್ಲಿ ಸುಮ್ನೆ ಕೂತಿದೆ ಅಂತ ಹೊರಗಿನವರಿಗೆ ಅನ್ನಿಸುವುದು ಇದೇ ವರ್ಷ.

ಇದು ನಮ್ಮಲ್ಲಿ ಮಾತ್ರ ಆಗುವ ತಾಪತ್ರಯ ಅಂದುಕೊಳ್ಳಬೇಡಿ. ಜನರೇ ಮುಂದೆ ನಿಂತು ಕಾಲುವೆ ಉಳಿಸಿಕೊಂಡ ಕೆಲಸ ಇಂಗ್ಲೆಂಡಿನಲ್ಲಿ ಎಪ್ಪತ್ತು ವರ್ಷಕ್ಕೂ ಹೆಚ್ಚು ಹಳೆಯದು. ಅಲ್ಲಿಯ ಕಾಲುವೆ ದೋಣಿ ಓಡಿಸಲು ತೋಡಿದ್ದು, ನೀರಾವರಿಗಲ್ಲ. ರೈಲು, ಲಾರಿ ಬಂದ ಮೇಲೆ ಪಾಳು ಬಿದ್ದವು. 1946ರಲ್ಲಿ ಒಳನಾಡಿನ ಜಲಮಾರ್ಗಗಳಿಗಾಗಿ ಸಂಘ ಕಟ್ಟಿದರು. 1970ರಿಂದ ವಾಟರ್‌ವೇ ರಿಕವರಿ ಗ್ರೂಪ್ ಅನ್ನುವ ಸ್ವಯಂಸೇವಕರ ದಂಡು ದೇಶದ ಬೇರೆ ಬೇರೆ ಕಾಲುವೆಗಳಿಗೆ ಹೋಗಿ ಕ್ಯಾಂಪ್ ಹಾಕಿ ಕೆಲಸ ಮಾಡುತ್ತಾ ಬಂದಿದೆ.

ಅವರಲ್ಲಿ ನನಗೆ ಎಲ್ಲಕ್ಕಿಂತ ಪಾಠ ಅನ್ನಿಸುವುದು ಕೆನೆಟ್ ಮತ್ತು ಏವನ್ ಕಾಲುವೆ. 1810ರಲ್ಲಿ ಮುಗಿದದ್ದು, ಸುಮಾರು 140 ಕಿಲೋಮೀಟರ್ ಉದ್ದ, ದೋಣಿಯನ್ನು ಮೆಟ್ಟಿಲು ಹತ್ತಿಸಿದ ಹಾಗೆ ಏರಿಸಿ ಇಳಿಸುವ ನೂರಕ್ಕೂ ಹೆಚ್ಚು ಲಾಕ್‌ಗಳು. 1950ರ ದಶಕದಲ್ಲಿ ಉದ್ದಕ್ಕೂ ದೋಣಿ ಹೋಗುವುದು ನಿಂತಿತು. ಜನ ಹೋರಾಡಿ, ದುಡ್ಡು ಕೂಡಿಸಿ, ಕೆಸರಲ್ಲಿ ಇಳಿದು ತುಂಡು ತುಂಡಾಗಿ ಸರಿಮಾಡಿದರು. 1990ರ ಆಗಸ್ಟ್‌ನಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದರು. ನಮ್ಮಲ್ಲಾದರೆ ಅಲ್ಲಿಗೆ ಕಲ್ಲು ಹಾಕಿ, ಸಮಿತಿ ವಿಸರ್ಜಿಸಿ ಮನೆಗೆ ಹೋಗುತ್ತಿದ್ದೆವು. ಆದರೆ ಕಾಲುವೆಗೆ ಸಾಕಷ್ಟು ನೀರು ಬರುತ್ತಿರಲಿಲ್ಲ, ಕೆಲವು ಕಡೆ ಸೋರುತ್ತಿತ್ತು, ದಂಡೆ ಗಟ್ಟಿ ಇರಲಿಲ್ಲ. ಅದನ್ನೆಲ್ಲ ಗಟ್ಟಿ ಮಾಡಲು 1996ರಲ್ಲಿ ಅಲ್ಲಿಯ ಲಾಟರಿ ನಿಧಿಯಿಂದ 2.5 ಕೋಟಿ ಪೌಂಡ್ ಕೊಟ್ಟರು, ಆ ಕೆಲಸ 2003ರ ತನಕ ನಡೆಯಿತು. ಅಂದರೆ ಉದ್ಘಾಟನೆ ಆದ ಮೇಲೆ ಹದಿಮೂರು ವರ್ಷ.

ಇನ್ನೊಂದು ಕಾಟ್ಸ್‌ವೋಲ್ಡ್ ಕಡೆಯ ಕಾಲುವೆ. 1972ರಿಂದ ಜನ ಹಿಡಿದಿದ್ದಾರೆ. ಹಳೆಯ ಕಾಲುವೆಯ ಮೇಲೆಯೇ ಎಂ5 ಹೆದ್ದಾರಿ ಹಾದುಹೋಗಿ ಒಂದು ಮೈಲಿಯಷ್ಟು ಮುಚ್ಚೇ ಹೋಗಿತ್ತು. ಮುಂದಾಳತ್ವ ವಹಿಸಿದ್ದ ಸರ್ಕಾರಿ ಸಂಸ್ಥೆ 2008ರಲ್ಲಿ ಕೈಬಿಟ್ಟಿತು, ಸ್ಟ್ರೌಡ್ ಎನ್ನುವ ಜಿಲ್ಲಾ ಆಡಳಿತ ಹೊಣೆ ಹೊತ್ತು ಮುಂದುವರಿಸಿತು. 2020ರಲ್ಲಿ ಲಾಟರಿ ನಿಧಿ ಸುಮಾರು 90 ಲಕ್ಷ ಪೌಂಡ್ ಮಂಜೂರು ಮಾಡಿತು. ಅದಕ್ಕೂ ಮೊದಲು ನಕ್ಷೆ, ಅಂದಾಜು, ಅನುಮತಿ ಇವನ್ನು ಸಿದ್ಧ ಮಾಡಿಕೊಳ್ಳಲು ಅಂತಲೇ ಬೇರೆ ಸಣ್ಣ ಮೊತ್ತ ಕೊಟ್ಟಿದ್ದರು. ಇದು ನಮಗೆ ಬೇಕಾದ ಬುದ್ಧಿ. ಕಾಗದದ ಕೆಲಸವೂ ಕೆಲಸ, ಅದಕ್ಕೂ ದುಡ್ಡು ಇಡಬೇಕು. ಅಲ್ಲಿ ಸ್ವಯಂಸೇವಕರ ದಿನಕ್ಕೂ ಬೆಲೆ ಕಟ್ಟುತ್ತಾರೆ. ಬಹಳ ಕಾಲ ಸಾಮಾನ್ಯ ಕೆಲಸಕ್ಕೆ ದಿನಕ್ಕೆ 50 ಪೌಂಡ್, ಕುಶಲ ಕೆಲಸಕ್ಕೆ 150, ಎಂಜಿನಿಯರ್ ಥರದವರಿಗೆ 350 ಅಂತ ಲೆಕ್ಕ ಇತ್ತು. ಯಾರಿಗೂ ಆ ದುಡ್ಡು ಕೊಡುವುದಿಲ್ಲ. ಊರಿನವರ ಪಾಲು ಇಷ್ಟು ಅಂತ ತೋರಿಸಲು ಬಳಸುತ್ತಾರೆ. ನಮ್ಮ ಸಮಿತಿಗಳ ಲೆಕ್ಕಪತ್ರದಲ್ಲಿ ಶ್ರಮದಾನದ ಕಾಲಂ ಖಾಲಿಯೇ ಇರುತ್ತದೆ, ಹಾಗಾಗಿ ಅರ್ಜಿ ನೋಡುವವರಿಗೆ ಊರು ಏನೂ ಕೊಟ್ಟಿಲ್ಲ ಅನ್ನಿಸುತ್ತದೆ. ಸ್ಥಳೀಯ ಕೂಲಿ ದರದಲ್ಲೇ ಬರೆದರೂ ಸಾಕು.

ಇನ್ನು 'ಎಷ್ಟಾಯ್ತು' ಅನ್ನುವ ಪ್ರಶ್ನೆ. ಶೇ 70 ಮುಗಿದಿದೆ ಅಂತ ಯಾರಾದರೂ ಹೇಳಿದರೆ ಯಾವುದರ 70 ಅಂತ ಕೇಳಿ. ನೀರು ಹರಿಯುವುದು ಇಳಿಜಾರಿನಿಂದ. ಸಾವಿರ ಮೀಟರಿಗೆ ಒಂದು ಮೀಟರ್ ಇಳಿಜಾರು ಇರುವ ಕಾಲುವೆಯಲ್ಲಿ ನಡುವೆ ಎಲ್ಲೋ 20 ಸೆಂಟಿಮೀಟರ್ ಎತ್ತರದ ದಿಬ್ಬ ಉಳಿದರೆ ಅದರ ಹಿಂದೆ 200 ಮೀಟರ್ ದೂರದವರೆಗೆ ನೀರು ನಿಲ್ಲುತ್ತದೆ. ನಿಂತ ನೀರಲ್ಲಿ ಹೂಳು ಕೂರುತ್ತದೆ. ಒಂದು ಗೇಣು ಎತ್ತರದ ಮಣ್ಣು ಬಿಟ್ಟದ್ದರಿಂದ ಇನ್ನೂರು ಮೀಟರ್ ಕೆಲಸ ಎರಡು ಮಳೆಗಾಲದಲ್ಲಿ ಹಾಳು. ದಿಬ್ಬ ಮಣ್ಣಿನದ್ದಾದರೆ ತೆಗೆಯಬಹುದು. ರಸ್ತೆ ಮಾಡುವಾಗ ಎತ್ತರಕ್ಕೆ ಕೂರಿಸಿದ ಸಿಮೆಂಟ್ ಮೋರಿಯಾದರೆ ಅದನ್ನು ಒಡೆದು ತಗ್ಗಿಸಲು ಬೇರೆಯದೇ ಅಂದಾಜುಪಟ್ಟಿ, ಬೇರೆಯದೇ ಇಲಾಖೆ, ಬೇರೆಯದೇ ವರ್ಷ.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಗೋಡೆ ಕಟ್ಟುವ ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪ್ ಸಾಕು. ತೆಳ್ಳಗಿನ ಪಾರದರ್ಶಕ ಪೈಪಿಗೆ ನೀರು ತುಂಬಿ, ನಡುವೆ ಗಾಳಿ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ಎರಡು ತುದಿಯನ್ನು ಎರಡು ಗೂಟಕ್ಕೆ ಹಿಡಿದರೆ ಎರಡೂ ಕಡೆ ನೀರಿನ ಮಟ್ಟ ಒಂದೇ. ಗೂಟದ ಮೇಲೆ ಅಲ್ಲಿಗೆ ಗುರುತು ಹಾಕಿ, ಗುರುತಿನಿಂದ ಕಾಲುವೆಯ ತಳಕ್ಕೆ ಟೇಪು ಬಿಟ್ಟು ಅಳೆದರೆ ತಳ ಎಲ್ಲಿ ಏರಿದೆ ಎಲ್ಲಿ ಇಳಿದಿದೆ ಗೊತ್ತಾಗುತ್ತದೆ. ಹತ್ತು ಹತ್ತು ಮೀಟರಿಗೆ ಹೀಗೆ ಅಳೆಯುತ್ತಾ ಹೋದರೆ ಹೈಸ್ಕೂಲ್ ಮಕ್ಕಳೂ ಒಂದು ಕಿಲೋಮೀಟರಿನ ಪಟ್ಟಿ ಮಾಡಿಕೊಡುತ್ತಾರೆ. ಕೆಲಸಕ್ಕೆ ಮೊದಲು ಒಂದು ಪಟ್ಟಿ, ಆದ ಮೇಲೆ ಒಂದು ಪಟ್ಟಿ. ಯಾವ ಫೋಟೋಗಿಂತಲೂ ಇದು ಗಟ್ಟಿ ಸಾಕ್ಷಿ, ಬಿಲ್ಲಿನ ಜೊತೆ ಇದನ್ನು ಲಗತ್ತಿಸಿದರೆ ಆಡಿಟ್ ಮಾಡುವವರೂ ಎರಡನೇ ಮಾತಾಡುವುದಿಲ್ಲ.

ಕೆಲಸದ ದಿಕ್ಕೂ ಮುಖ್ಯ. ಕೆಳಗಿನ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಹಾಗೆ ಮಾಡಿದರೆ ಅಗೆದಷ್ಟೂ ಜಾಗದ ನೀರು ತಾನೇ ಬಸಿದು ಹೋಗುತ್ತದೆ. ಮೇಲಿನಿಂದ ಅಗೆಯುತ್ತಾ ಬಂದರೆ ನೀರು ಹೋಗಲು ದಾರಿಯಿಲ್ಲದೆ ಅಗೆದ ಜಾಗವೇ ಹೊಂಡ. ಆದರೆ ಮೇಲಿನ ತುದಿ ಸಾಮಾನ್ಯವಾಗಿ ರಸ್ತೆ ಪಕ್ಕ, ಕೆರೆ ಏರಿಯ ಹತ್ತಿರ, ಎಲ್ಲರ ಕಣ್ಣಿಗೆ ಬೀಳುವ ಜಾಗ. ಕೆಳಗಿನ ತುದಿ ಯಾರದ್ದೋ ಗದ್ದೆಯ ಆಚೆ, ಹಳ್ಳದ ಹತ್ತಿರ, ಕಂಟಿ ಒಳಗೆ. ಮೊದಲ ವರ್ಷದ ದುಡ್ಡು ಅಲ್ಲಿಗೆ ಹೋದರೆ 'ಏನೂ ಕಾಣ್ತಾ ಇಲ್ವಲ್ಲ' ಅನ್ನುವ ಮಾತು ಬರುತ್ತದೆ. ನಾನಂತೂ ಏನೂ ಕಾಣದ ಮೊದಲ ವರ್ಷದ ಕೆಲಸವನ್ನೇ ಹೆಚ್ಚು ನಂಬುತ್ತೇನೆ.

ಘಟ್ಟದ ಕೆಳಗೆ ಬಂದರೆ ಲೆಕ್ಕ ಇನ್ನೂ ಬಿಗಿ. ಅಘನಾಶಿನಿ ಅಳಿವೆಯ ಗಜನಿಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಸಿಗಡಿ, ಮೀನು. ಎರಡೂ ನಡೆಯುವುದು ಕಟ್ಟೆ ಮತ್ತು ಜಂತ್ರಡಿಯ (ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಹಲಗೆ ಬಾಗಿಲು) ಮೇಲೆ. ಮಳೆಗಾಲದಲ್ಲಿ ಉಬ್ಬರ ಬರುವಾಗ ಜಂತ್ರಡಿಯ ಹಲಗೆ ಮುಚ್ಚಿ ಉಪ್ಪುನೀರು ತಡೆಯಬೇಕು, ಇಳಿತದಲ್ಲಿ ತೆಗೆದು ಒಳಗಿನ ಮಳೆನೀರು ಹೊರಗೆ ಬಿಡಬೇಕು. ಕಾಲುವೆ ತುಂಬಿಕೊಂಡರೆ ಇಳಿತದ ಆ ನಾಲ್ಕೈದು ಗಂಟೆಯಲ್ಲಿ ನೀರು ಪೂರ್ತಿ ಹೊರಗೆ ಹೋಗುವುದಿಲ್ಲ, ಗದ್ದೆಯಲ್ಲಿ ನಿಂತು ಸಸಿ ಕೊಳೆಯುತ್ತದೆ. ಇಲ್ಲಿ ಶೇ 70 ಅನ್ನುವ ಮಾತಿಗೇ ಅರ್ಥ ಇಲ್ಲ. ಕಟ್ಟೆಯಲ್ಲಿ ಒಂದು ಕಡೆ ಒಡಕು ಉಳಿದರೂ, ಒಂದೇ ಒಂದು ಜಂತ್ರಡಿಯ ಹಲಗೆ ಹುಳ ತಿಂದು ಸಡಿಲಾದರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ.

ಕೆಲಸ ಮಾಡುವ ಹೊತ್ತೂ ನಮ್ಮ ಕೈಯಲ್ಲಿ ಇರುವುದಿಲ್ಲ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಉಬ್ಬರ, ನಡುವೆ ಇಳಿತ, ದಿನ ಹೋದಂತೆ ಹೊತ್ತು ಮುಂದೆ ಸರಿಯುತ್ತಾ ಹೋಗುತ್ತದೆ. ಯಂತ್ರ ಬಾಡಿಗೆಗೆ ಬಂದು ದಡದಲ್ಲಿ ಇಳಿತಕ್ಕಾಗಿ ಕಾಯುವ ಗಂಟೆಗಳೂ ಬಿಲ್ಲಿನಲ್ಲಿ ಸೇರುತ್ತವೆ. ಇನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ಜಾಗ ಕರಾವಳಿ ನಿಯಂತ್ರಣ ವಲಯದ ಅತಿ ಬಿಗಿಯಾದ ಭಾಗಕ್ಕೆ ಸೇರಿದ್ದು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿದೆ, 4,801 ಹೆಕ್ಟೇರ್. ಈ ಬಿಗಿ ಬೇಕು. ಮೀನು, ಬಳಚು, ಹಕ್ಕಿ ಎಲ್ಲಾ ಬದುಕಿರುವುದು ಆ ಗಿಡಗಳ ಬುಡದಲ್ಲಿ, ಕಟ್ಟೆಯನ್ನು ಅಲೆಯ ಹೊಡೆತದಿಂದ ಕಾಯುವುದೂ ಅವೇ. ಆದರೆ ಅನುಮತಿಗೆ ಬೇಕಾದ ತಿಂಗಳುಗಳನ್ನು ಮೊದಲೇ ಲೆಕ್ಕದಲ್ಲಿ ಹಿಡಿಯದಿದ್ದರೆ ದುಡ್ಡು ಕೊಟ್ಟವರಿಗೆ ಹೇಳಿದ ದಿನಾಂಕ ಸುಳ್ಳಾಗುತ್ತದೆ.

ಕೊನೆಗೆ ಉಳಿಯುವುದು ನಿರ್ವಹಣೆ. ಹೂಳೆತ್ತಲು ದುಡ್ಡು ಕೊಡುವವರು ಸಿಗುತ್ತಾರೆ, ವರ್ಷಾ ವರ್ಷ ಕಂಟಿ ಸವರಲು ಯಾರೂ ಕೊಡುವುದಿಲ್ಲ. ಕಂಪನಿಗಳಿಗೆ ಹೊಸ ಕೆಲಸ ಬೇಕು, ಬೋರ್ಡು ಹಾಕುವಂಥದ್ದು. ಹಾಗಾಗಿ ಈ ದುಡ್ಡು ಊರಿನದ್ದೇ ಆಗಬೇಕು. ಎರಡು ಲಕ್ಷ ರೂಪಾಯಿ ಊರಿನ ಸೊಸೈಟಿಯಲ್ಲಿ ಠೇವಣಿ ಇಟ್ಟು ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 14,000. ಮಳೆಗಾಲಕ್ಕೆ ಮೊದಲು ಒಂದು ಸಲ, ದೀಪಾವಳಿ ಆದ ಮೇಲೆ ಒಂದು ಸಲ ಆಳು ಹಚ್ಚಿ ಕಂಟಿ ತೆಗೆಸಲು, ಮೋರಿ ಬಾಯಿ ಬಿಡಿಸಲು, ತೂಬಿಗೆ ಜಂತ್ರಡಿಗೆ ಹಲಗೆ ಹೊಸದು ಮಾಡಿಸಲು ಒಂದು ಆಧಾರ ಆಗುತ್ತದೆ. ಉಳಿದದ್ದು ನೀರು ಬಳಸುವವರಿಂದ ಎಕರೆ ಲೆಕ್ಕದಲ್ಲಿ. ಕಾಲುವೆಯ ಮೇಲಿನವರು ಕೆಳಗಿನವರು ಒಂದೇ ದರ ಕೊಡಬೇಕೋ ಬೇಡವೋ ಅನ್ನುವ ಚರ್ಚೆ ಎಲ್ಲಾ ಊರಲ್ಲೂ ಬರುತ್ತದೆ. ನೀರು ಕೊನೆಗೆ ಮುಟ್ಟುವ ಗದ್ದೆಯವರಿಗೆ ಕಮ್ಮಿ ಇಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಅವರು ಕಾಯುತ್ತಾರೆ, ಅವರಿಗೆ ಸಿಗುವುದೂ ಕಮ್ಮಿ.

ಹೊಸದಾಗಿ ಸಮಿತಿ ಕಟ್ಟುತ್ತಿರುವವರಿಗೆ ಒಂದು ಕೋರಿಕೆ. ರಶೀದಿ ಪುಸ್ತಕ ಅಚ್ಚು ಹಾಕಿಸುವಾಗಲೇ ಎರಡು ಬಣ್ಣದಲ್ಲಿ ಹಾಕಿಸಿ. ಒಂದು ಹೂಳೆತ್ತುವುದಕ್ಕೆ, ಇನ್ನೊಂದು ಆಮೇಲಿನ ನಿರ್ವಹಣೆಗೆ. ಸಾವಿರ ಕೊಡುವವರ ಹತ್ತಿರ ಇನ್ನೂರನ್ನು ಎರಡನೇ ರಶೀದಿಗೆ ಬರೆಸಿಕೊಳ್ಳಿ, ಖಾತೆಯೂ ಬೇರೆಯೇ ಇರಲಿ, ಎಷ್ಟೇ ತುರ್ತು ಬಂದರೂ ಯಂತ್ರದ ಬಿಲ್ಲಿಗೆ ಅದನ್ನು ಮುಟ್ಟುವುದಿಲ್ಲ ಅಂತ ಮೊದಲ ಸಭೆಯ ಠರಾವಿನಲ್ಲೇ ಬರೆದು ಎಲ್ಲರ ಸಹಿ ಹಾಕಿಸಿ.